ಕಾವಲಿನವನ ಸಾವು ಮತ್ತು ನಮ್ಮ ಸಾಹಿತ್ಯ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. ಊರ ಪಕ್ಕದ ಗುಡ್ಡದಲ್ಲಿ ಅಶೋಕನ ಶಾಸನವಿದೆಯೆಂಬುದು ವಾಚಕರಿಗೆ ಗೊತ್ತಿರುವ ಸಂಗತಿ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಅದು ಬಿತ್ತು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ವಿದ್ವಾಂಸರಿಗೆ ಮೊದಲು ದೊರೆತದ್ದು ಈ ಬಂಡೆಯ ಮೇಲೆಯೇ. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಉನ್ನತ ಪದವಿ ಎಟುಕುತ್ತದೆ ಎಂಬುದು ಆ ಶಾಸನದ ತಾತ್ಪರ್ಯ. ಅಲ್ಲಿಂದ ಮುಂದೆ ಹೋದರೆ ಲಿಂಗಸುಗೂರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. ನಿಜಾಮನ ಸೀಮೆಯ ಈ ಭಾಗದಲ್ಲಿ ಎಲ್ಲಿ ಗಲಭೆಯೆದ್ದರೂ ಅದನ್ನು ಅಡಗಿಸಲು ಅಲ್ಲಿಂದ ದಂಡು ಹೊರಡುತ್ತಿತ್ತು.

ಹೀಗೆ ಒಂದೇ ಹಾದಿಯಲ್ಲಿ ರಾಜ್ಯಾಧಿಕಾರದ ಎರಡು ರೂಪಗಳನ್ನು ನಾವು ಕಾಣುತ್ತೇವೆ. ಒಂದು ಮಾತಿನಿಂದ ಒಲಿಸಲು ನೋಡಿದ್ದು, ಇನ್ನೊಂದು ಆಯುಧದಿಂದ ಅಂಜಿಸಲು ನೋಡಿದ್ದು. ಆದರೆ ಎರಡರಲ್ಲಿಯೂ ಅಪ್ಪಣೆ ಕೊಡುವ ದೊರೆಗೂ ಅದನ್ನು ಪಾಲಿಸಬೇಕಾದ ಪ್ರಜೆಗೂ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಅಪ್ಪಣೆಯನ್ನು ಹೊತ್ತು ಊರಿಗೆ ಹೋಗುವವನು. ತಳವಾರ, ಪೇದೆ, ಜಮಾದಾರ, ಅಮಲ್ದಾರ ಎಂದು ಕಾಲಕಾಲಕ್ಕೆ ಅವನ ಹೆಸರು ಬದಲಾಗಿದೆ; ಕೆಲಸ ಬದಲಾಗಿಲ್ಲ. ಆ ಕೆಲಸದಲ್ಲಿರುವಾಗಲೇ ಅವನು ಸತ್ತರೆ ನಮ್ಮ ಸಾಹಿತ್ಯ ಅವನಿಗೆ ಏನನ್ನು ಕೊಟ್ಟಿದೆ? ಇದು ವಿಮರ್ಶಕರು ಹೆಚ್ಚಾಗಿ ಕೇಳದ ಪ್ರಶ್ನೆ. ಸ್ವಾತಂತ್ರ್ಯದ ಹೋರಾಟವನ್ನು ಕುರಿತ ನಮ್ಮ ಕಥನ ಸಾಹಿತ್ಯದ ಬೆಲೆಯನ್ನು ಕಟ್ಟಬೇಕಾದರೆ ಈ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲವೆಂದು ನನಗೆ ತೋರುತ್ತದೆ.

ಮೊದಲು ನಮ್ಮ ಹಳೆಯ ಪದ್ಧತಿಯನ್ನು ನೋಡೋಣ. ಕನ್ನಡ ನಾಡಿನ ಊರೂರುಗಳಲ್ಲಿ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಕಳ್ಳರನ್ನು ಅಡ್ಡಗಟ್ಟಿ ಸತ್ತವನು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನು, ಊರಿಗೆ ಮುತ್ತಿಗೆ ಬಂದಾಗ ಬಾಗಿಲಲ್ಲಿ ನಿಂತು ಸತ್ತವನು, ಒಡೆಯನ ಅಪ್ಪಣೆಯಂತೆ ಕಾದಿ ಸತ್ತವನು: ಇವರೆಲ್ಲರಿಗೂ ಅಲ್ಲಿ ಎಡೆಯುಂಟು. ಕಲ್ಲಿನ ರಚನೆಯಲ್ಲಿ ಒಂದು ಕ್ರಮವಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವಸನ್ನಿಧಿ. ಡಾ. ಎಂ. ಚಿದಾನಂದಮೂರ್ತಿಯವರ ಶಾಸನಾಧ್ಯಯನವೂ (1966), ಡಾ. ಆರ್. ಶೇಷಶಾಸ್ತ್ರಿಗಳ ವೀರಗಲ್ಲುಗಳ ಮೇಲಿನ ಗ್ರಂಥವೂ ಈ ಕಲ್ಲುಗಳ ಹಿಂದಿರುವ ಜೀವನವನ್ನು ನಮಗೆ ತೆರೆದು ತೋರಿಸಿವೆ.

ಸಾಹಿತ್ಯದೃಷ್ಟಿಯಿಂದ ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ವೀರಗಲ್ಲು ಯುದ್ಧದ ನ್ಯಾಯಾನ್ಯಾಯಗಳನ್ನು ವಿಚಾರಿಸುವುದಿಲ್ಲ. ಯಾರ ಪಕ್ಷ ಸರಿ, ಯಾರ ಪಕ್ಷ ತಪ್ಪು ಎಂಬ ಲೆಕ್ಕ ಬೇರೆ. ಒಬ್ಬ ಮನುಷ್ಯ ತಾನು ಒಪ್ಪಿಕೊಂಡ ಕೆಲಸವನ್ನು ಮಾಡುತ್ತ ಪ್ರಾಣ ಬಿಟ್ಟ ಎಂಬ ಲೆಕ್ಕ ಬೇರೆ. ಈ ಕಡೆಯವನಿಗೊಂದು ಕಲ್ಲು ಹೇಗೋ ಆ ಕಡೆಯವನಿಗೂ ಅವನ ಊರಿನಲ್ಲಿ ಒಂದು ಕಲ್ಲು ಏಳಬಹುದಾಗಿತ್ತು. ಎರಡನೆಯದಾಗಿ, ಕಲ್ಲು ನಿಲ್ಲಿಸುವುದರೊಡನೆ ಕರ್ತವ್ಯ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಅದಕ್ಕೆ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ನೆತ್ತರುಗೊಡಗೆ! ಎಂಥ ಮಾತು ಇದು. ನೆತ್ತರಿಗೆ ಬೆಲೆ ಕಟ್ಟಲಾಗುವುದಿಲ್ಲವೆಂಬುದನ್ನು ಬಲ್ಲವರು, ಆದರೂ ಸತ್ತವನ ಮಕ್ಕಳು ನಾಳೆ ಉಣ್ಣಬೇಕೆಂಬುದನ್ನು ಮರೆಯದವರು ಇದನ್ನು ರೂಢಿಗೆ ತಂದಿರಬೇಕು.

ಈ ಕೊಡುಗೆಯ ಮಾತು ಮುಖ್ಯವಾದದ್ದು. ಏಕೆಂದರೆ ಕಾವಲಿನವನಿಗೂ ರಾಜ್ಯಕ್ಕೂ ಇರುವ ಸಂಬಂಧ ಒಂದು ಒಪ್ಪಂದ. ನೀನು ಕಾಯಿ, ನಿನ್ನ ಮನೆಯನ್ನು ನಾವು ಕಾಯುತ್ತೇವೆ ಎಂಬುದೇ ಅದರ ತಿರುಳು. ಈ ಒಪ್ಪಂದ ಮುರಿದಾಗ ಏನಾಯಿತೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ದೊಡ್ಡ ನಿದರ್ಶನವಿದೆ. ಸಂಗೊಳ್ಳಿ ರಾಯಣ್ಣನನ್ನು ನಾವು ದಂಗೆಯ ನಾಯಕನೆಂದು ನೆನೆಯುತ್ತೇವೆ. ಅವನು ಕಿತ್ತೂರು ಸಂಸ್ಥಾನದ ಶೇತ್‌ಸನದಿ. ಎಂದರೆ ಮಾನ್ಯದ ಭೂಮಿಯನ್ನು ಉಂಡು ಅದಕ್ಕೆ ಬದಲಾಗಿ ಊರ ಕಾವಲನ್ನೂ ಸಂಸ್ಥಾನದ ಸೇವೆಯನ್ನೂ ಮಾಡುವವನು. ಕಂಪನಿ ಸರ್ಕಾರ ಆ ಭೂಮಿಯ ಮೇಲೆ ಕೈಹಾಕಿತು. ಕಾವಲಿನವನೇ ಬಂಡುಗಾರನಾದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಾವಲಿನವನೂ ಬಂಡುಗಾರನೂ ಬೇರೆ ಬೇರೆ ಜಾತಿಯ ಮನುಷ್ಯರಲ್ಲ. ಎಷ್ಟೋ ಸಲ ಒಂದೇ ಮನೆಯವರು, ಕೆಲವು ಸಲ ಒಬ್ಬನೇ ಎಂಬುದನ್ನು ನಮ್ಮ ಕಥೆಗಾರರು ಇಲ್ಲಿಂದ ಕಲಿಯಬಹುದಾಗಿತ್ತು.

ರಾಯಣ್ಣನ ಲಾವಣಿಯನ್ನೂ ಹಲಗಲಿಯ ಬೇಡರ ಲಾವಣಿಯನ್ನೂ ಕೇಳದ ಕನ್ನಡಿಗರು ವಿರಳ. ಇವುಗಳನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದವನು ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್. ತನ್ನದೇ ಸರ್ಕಾರವನ್ನು ವೈರಿಯೆಂದು ಹಾಡುವ ಪದಗಳನ್ನು ಸರ್ಕಾರದ ಅಧಿಕಾರಿಯೇ ಉಳಿಸಿಕೊಟ್ಟದ್ದು ವಿಚಿತ್ರವಾದರೂ ನಿಜ. ಇದಕ್ಕಿಂತ ವಿಚಿತ್ರವಾದದ್ದು ವಾಲ್ಟರ್ ಎಲಿಯಟ್ಟನ ಸಂಗತಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡು ತಗುಲಿ ಸತ್ತನಷ್ಟೆ. ಅವನ ಕೈಕೆಳಗಿನ ಎಳೆಯ ಅಧಿಕಾರಿಯಾಗಿ ಅಂದು ಕಿತ್ತೂರಿನಲ್ಲಿ ಸೆರೆ ಸಿಕ್ಕವನು ಎಲಿಯಟ್. ಬಿಡುಗಡೆಯಾದ ಮೇಲೆ ಈ ನಾಡನ್ನು ದ್ವೇಷಿಸದೆ ಕನ್ನಡ ಶಾಸನಗಳನ್ನು ನೂರುಗಟ್ಟಲೆ ಪ್ರತಿಮಾಡಿಸಿ ಸಂಗ್ರಹಿಸಿದ. ನಮ್ಮ ಶಾಸನಶಾಸ್ತ್ರಕ್ಕೆ ಅದು ತಳಹದಿಯ ಕಲ್ಲುಗಳಲ್ಲೊಂದು.

ಇರಲಿ. ಲಾವಣಿಗಳಿಗೆ ಬರೋಣ. ಹಲಗಲಿಯ ಪ್ರಸಂಗ ಪ್ರಸಿದ್ಧವಾದದ್ದು. 1857ರಲ್ಲಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನ ಕಡೆಯಲ್ಲಿ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲುಗಂಬಗಳು ಎದ್ದವು. ಬೇಡನಿಗೆ ಆಯುಧವೆಂದರೆ ಕಬ್ಬಿಣದ ತುಂಡಲ್ಲ. ಅದು ಅವನ ಕುಲದ ಗುರುತು, ಮರ್ಯಾದೆ. ಅದನ್ನು ಕಿತ್ತುಕೊಳ್ಳುವುದು ಅವನನ್ನೇ ಕಿತ್ತುಕೊಂಡಂತೆ. ಲಾವಣಿಕಾರ ಇದನ್ನು ಬಲ್ಲ. ಆದುದರಿಂದಲೇ ಆ ಪದದಲ್ಲಿ ಬೇಡರ ಹಟ ನಮಗೆ ಮೊಂಡುತನವಾಗಿ ಕಾಣದೆ ಮಾನವಾಗಿ ಕಾಣುತ್ತದೆ. ಇದು ಲಾವಣಿಯ ಗೆಲವು. ಆದರೆ ಅಪ್ಪಣೆ ಹೊತ್ತು ಬಂದ ಕಾರಕೂನನೂ ಸಿಪಾಯಿಯೂ ಅಲ್ಲಿ ಬಂದು ಹೋಗುವ ವೇಷಗಳು ಮಾತ್ರ. ಲಾವಣಿಗೆ ಇದು ಕೊರತೆಯಲ್ಲ. ಡಪ್ಪಿನ ಪೆಟ್ಟಿಗೆ ನಿಂತು ಹಾಡುವ ಪದ ಒಂದು ಪಕ್ಷವನ್ನು ಹಿಡಿಯಲೇಬೇಕು. ಊರವರ ಗಾಯ ಹಸಿಯಾಗಿರುವಾಗ ಹುಟ್ಟಿದ ಹಾಡಿನಿಂದ ತಕ್ಕಡಿಯ ತೂಕವನ್ನು ಕೇಳುವುದು ಔಚಿತ್ಯವಲ್ಲ.

ಹಲಗಲಿಯ ಮೇಲೆ ದಂಡೆತ್ತಿ ಹೋದ ಮಾಲ್ಕಮ್ಮನೇ ಮರುವರ್ಷ ಸುರಪುರದ ಕಡೆಗೂ ಹೊರಟ. ಇಲ್ಲಿ ನಮ್ಮ ಲಿಂಗಸುಗೂರಿನ ಛಾವಣಿ ಕಥೆಯೊಳಗೆ ಬರುತ್ತದೆ. ಸುರಪುರದ ರಾಜಾ ವೆಂಕಟಪ್ಪನಾಯಕ ಇನ್ನೂ ತರುಣ. 1858ರ ಫೆಬ್ರುವರಿಯಲ್ಲಿ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್ ದಂಡಿನೊಡನೆ ಸುರಪುರದ ಹತ್ತಿರ ಬೀಡುಬಿಟ್ಟ. ರಾತ್ರಿ ಆ ಬೀಡಿನ ಮೇಲೆ ದಾಳಿಯಾಯಿತು. ಮರುದಿನ ಮದರಾಸಿನ ಪಡೆಗಳು ಬಂದು ಸೇರಿದ ಮೇಲೆ ನಡೆದ ಕಾದಾಟದಲ್ಲಿ ಕುದುರೆಪಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅವನ ಜೊತೆಯ ಲೆಫ್ಟಿನೆಂಟ್ ಸ್ಟೂವರ್ಟ್ ಗಾಯಗೊಂಡು ಆಮೇಲೆ ತೀರಿಕೊಂಡ. ಇವರು ಸೈನಿಕರು, ಪೊಲೀಸರಲ್ಲ ಎನ್ನಬಹುದು. ಆದರೆ ಆ ಕಾಲದಲ್ಲಿ ಸೈನ್ಯಕ್ಕೂ ಪೊಲೀಸಿಗೂ ನಡುವಣ ಗೆರೆ ಇನ್ನೂ ಗಟ್ಟಿಯಾಗಿರಲಿಲ್ಲ. ಬ್ರಿಟಿಷ್ ಇಂಡಿಯಾದ ಪೊಲೀಸ್ ಕಾಯಿದೆ ಬಂದದ್ದೇ 1861ರಲ್ಲಿ. ಊರಿನ ಶಾಂತಿಯನ್ನು ಕಾಯುವ ಹೆಸರಿನಲ್ಲಿಯೇ ಛಾವಣಿಯ ದಂಡು ಹೊರಟಿತ್ತು.

ಈ ಪ್ರಸಂಗವನ್ನು ನಾವು ಹೆಚ್ಚಾಗಿ ತಿಳಿಯುವುದು ಮೆಡೋಸ್ ಟೇಲರನ ಆತ್ಮಕಥೆಯಿಂದ. ಟೇಲರ್ 1876ರಲ್ಲಿ ತೀರಿಕೊಂಡ. ಮರುವರ್ಷ ಅವನ ಮಗಳು ಆ ಪುಸ್ತಕವನ್ನು ಹೊರತಂದಳು. 1841ರಿಂದ 1853ರವರೆಗೆ ಅವನು ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ. ಬಾಲಕನಾಗಿದ್ದ ವೆಂಕಟಪ್ಪನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ದಂಗೆ ಅಡಗಿದ ಮೇಲೆ ಸೆರೆಮನೆಯಲ್ಲಿ ಆ ತರುಣನನ್ನು ಕಂಡದ್ದು, ಮರಣದಂಡನೆಯನ್ನು ಇಳಿಸಿ ಕಡೆಗೆ ನಾಲ್ಕು ವರ್ಷದ ಸೆರೆ ಮಾಡಿದ್ದು, ಸೆರೆಗೆ ಕರೆದೊಯ್ಯುವ ಹಾದಿಯಲ್ಲಿಯೇ ಅವನು ಗುಂಡಿನಿಂದ ಸತ್ತದ್ದು: ಇದೆಲ್ಲವನ್ನೂ ಟೇಲರ್ ಬರೆದಿರುವ ರೀತಿ ಎಂಥವರ ಮನಸ್ಸನ್ನೂ ಕಲಕುವಂಥದು. ಆದರೆ ತನ್ನ ಪಕ್ಷದಲ್ಲಿಯೇ ಸತ್ತ ನ್ಯೂಬೆರಿಗೆ ಅಲ್ಲಿ ದೊರೆತಿರುವುದು ಒಂದು ವಾಕ್ಯದಷ್ಟು ಜಾಗ. ಅವನು ಯಾರು, ಎಲ್ಲಿಯವನು, ಅಂದು ಬೆಳಿಗ್ಗೆ ಕುದುರೆಯೇರುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬ ಕುತೂಹಲವೇ ಗ್ರಂಥಕರ್ತನಿಗಿಲ್ಲ.

ಇದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ. ಟೇಲರ್ ತರುಣನಾಗಿದ್ದಾಗ ನಿಜಾಮನ ಸೀಮೆಯಲ್ಲಿ ಪೊಲೀಸ್ ಕೆಲಸವನ್ನು ನೋಡಿಕೊಂಡವನು. 1839ರಲ್ಲಿ ಅವನು ಪ್ರಕಟಿಸಿದ ಠಕ್ಕರ ಕಾದಂಬರಿಯಲ್ಲಿ ಕಥೆ ಹೇಳುವವನು ಅಮೀರ್ ಅಲಿ ಎಂಬ ಠಕ್ಕ. ಸಾಹೇಬ ಕುಳಿತು ಕೇಳುವವನು. ಪೊಲೀಸಿನ ಅನುಭವವಿದ್ದ ಲೇಖಕನೇ ಅಪರಾಧಿಗೆ ನಾಲಗೆಯನ್ನು ಕೊಟ್ಟು ಪೊಲೀಸನಿಗೆ ಬರೀ ಕಿವಿಯನ್ನು ಕೊಟ್ಟ! ಕಥೆಗಾರನ ಕಣ್ಣು ಕಟ್ಟಳೆಯನ್ನು ಮುರಿಯುವವನ ಕಡೆಗೆ ಹರಿಯುವುದು ಸಹಜ. ಮುರಿಯುವವನಲ್ಲಿ ಇಚ್ಛೆಯಿದೆ, ಸಂಕಲ್ಪವಿದೆ, ಆದುದರಿಂದ ಕಥೆಯಿದೆ. ಕಾಯುವವನಲ್ಲಿ ಇರುವುದು ಅಪ್ಪಣೆ. ಅಪ್ಪಣೆಗೆ ಕಥೆಯಿಲ್ಲವೆಂದು ಲೇಖಕ ಭಾವಿಸುತ್ತಾನೆ. ಈ ಭಾವನೆ ಸರಿಯೇ ಎಂಬುದನ್ನು ನಮ್ಮ ಕಾಲಕ್ಕೆ ಹತ್ತಿರವಾದ ಎರಡು ಘಟನೆಗಳ ಮೇಲೆ ಇಟ್ಟು ನೋಡಬೇಕು.

ಮೊದಲನೆಯದು ಕಯ್ಯೂರು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು. ಜಮೀನುದಾರರ ವಿರುದ್ಧ ರೈತಸಂಘದ ಚಳವಳಿ ಬಲವಾಗಿತ್ತು. 1941ರ ಮಾರ್ಚ್ 26ರಂದು ಪೊಲೀಸರು ಊರಿನ ಮೇಲೆ ದಾಳಿ ಮಾಡಿ ಜನರನ್ನು ಹಿಂಸಿಸಿದರು. 28ರಂದು ರೈತರು ಮೆರವಣಿಗೆ ಹೊರಟರು. ದಾಳಿಯಲ್ಲಿ ಭಾಗವಹಿಸಿದ್ದ ಸುಬ್ಬರಾಯನೆಂಬ ಪೊಲೀಸ್ ಪೇದೆ ಹಾದಿಯಲ್ಲಿ ಸಿಕ್ಕ. ಅವನ ಕೈಯಲ್ಲಿ ಕೆಂಪು ಬಾವುಟವನ್ನು ಕೊಟ್ಟು ಮೆರವಣಿಗೆಯ ಮುಂದೆ ನಡೆಯುವಂತೆ ಮಾಡಿದರು. ಸ್ವಲ್ಪ ದೂರ ನಡೆದು ಅವನು ಬಾವುಟದ ಕೋಲನ್ನು ಮುರಿದು ಓಡಿದ, ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಕಲ್ಲುಗಳು ಬಿದ್ದವು, ನೀರಿನಲ್ಲಿ ಮುಳುಗಿ ಸತ್ತ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದರು: ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್.

ಎರಡನೆಯದು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಚಳವಳಿಯಲ್ಲಿ ಆ ಊರು ತಾನು ಸ್ವತಂತ್ರವೆಂದು ಸಾರಿತು. ವೀರಭದ್ರನ ಗುಡಿಯ ಮೇಲೆ ಬಾವುಟವೇರಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಬಂದರು. ಗಾಂಧಿ ಟೋಪಿಯನ್ನು ಹಾಕಿಕೊಳ್ಳಬೇಕೆಂದು ಊರವರು ಪಟ್ಟುಹಿಡಿದರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಗಿ ಅಧಿಕಾರಿಗಳಿಬ್ಬರೂ ಸತ್ತರು. ಆಮೇಲೆ ಊರಿನ ಮೇಲೆ ನಡೆದ ಅನಾಹುತ ಸಣ್ಣದಲ್ಲ. ಜನ ಕಾಡು ಸೇರಿದರು, ಮನೆಗಳು ಹಾಳಾದವು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಮೈಸೂರು ಸಂಸ್ಥಾನ ಗಲ್ಲಿಗೇರಿಸಿತು. ಒಂದೇ ತಿಂಗಳಿನಲ್ಲಿ ಎರಡು ಹಳ್ಳಿಗಳ ಒಂಬತ್ತು ಮಂದಿ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಾಮ್ಯ ಎದ್ದು ಕಾಣುತ್ತದೆ. ಎರಡು ಕಡೆಯೂ ಜನ ಮೊದಲು ಕೇಳಿದ್ದು ಅಧಿಕಾರಿಯ ಪ್ರಾಣವನ್ನಲ್ಲ. ಅವನ ಗುರುತು ಬದಲಾಗುವುದನ್ನು. ಕಯ್ಯೂರಿನಲ್ಲಿ ಬಾವುಟ ಹಿಡಿ ಎಂದರು. ಈಸೂರಿನಲ್ಲಿ ಟೋಪಿ ಹಾಕು ಎಂದರು. ಒಂದು ಕ್ಷಣವಾದರೂ ನೀನು ನಮ್ಮವನಾಗು ಎಂಬ ಬಯಕೆ ಅದರಲ್ಲಿದೆ. ನಿನ್ನನ್ನು ಎಲ್ಲರೆದುರಿಗೆ ತಗ್ಗಿಸುತ್ತೇವೆ ಎಂಬ ಸಿಟ್ಟೂ ಇದೆ. ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಹಲಗಲಿಯಲ್ಲಿ ಸರ್ಕಾರ ಬೇಡನ ಕೈಯಿಂದ ಅವನ ಗುರುತನ್ನು ಕಿತ್ತುಕೊಳ್ಳಲು ಬಂತು. ಇಲ್ಲಿ ಜನ ಸರ್ಕಾರದವನ ಮೈಮೇಲಿನ ಗುರುತನ್ನು ಬದಲಿಸಲು ನಿಂತರು. ಬೇಡ ಆಯುಧವನ್ನು ಕೊಡಲಾರೆನೆಂದಾಗ ಅದು ಮಾನ. ಪೇದೆ ಕೋಲನ್ನು ಮುರಿದಾಗ ಅದೇನು? ಅದು ಧೂರ್ತತನವೊ, ಹೆದರಿಕೆಯೊ, ಅಥವಾ ಅದೂ ಒಂದು ಬಗೆಯ ಮಾನವೊ? ಆ ಕೋಲು ಮುರಿದ ಕ್ಷಣದಲ್ಲಿ ಒಬ್ಬ ಮನುಷ್ಯನ ಇಚ್ಛೆ, ಸಂಕಲ್ಪ ಎಲ್ಲವೂ ಇದೆ. ಅಪ್ಪಣೆಗೆ ಕಥೆಯಿಲ್ಲವೆಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ. ಕಥೆಗಾರ ಕೈಯಿಟ್ಟು ನೋಡಬೇಕಾದ ಜಾಗ ಇದೇ.

ಕಯ್ಯೂರನ್ನು ಕುರಿತು ಕನ್ನಡದಲ್ಲಿ ಒಂದು ಒಳ್ಳೆಯ ಕಾದಂಬರಿಯಿದೆ. ನಿರಂಜನರ ‘ಚಿರಸ್ಮರಣೆ’ (1955). ನಿರಂಜನರು ಅದನ್ನು ದೂರದಿಂದ ಕೇಳಿ ಬರೆದವರಲ್ಲ. ಕಯ್ಯೂರಿಗೆ ಹತ್ತಿರದ ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದು ಆ ದಿನಗಳ ಬಿಸಿಯನ್ನು ಬಲ್ಲವರು. ಕಾಸರಗೋಡು ಕೇರಳಕ್ಕೆ ಸೇರುವ ಮುಂಚಿನ ವರ್ಷ ಪ್ರಕಟವಾದ ಈ ಕೃತಿ ಮಲೆಯಾಳಕ್ಕೂ ಹೋಗಿ ಅಲ್ಲಿಯವರದೇ ಆಯಿತು. ಮಲೆಯಾಳ ಮಾತಾಡುವ ರೈತರ ಬದುಕನ್ನು ಕನ್ನಡದಲ್ಲಿ ಇಷ್ಟು ಆತ್ಮೀಯವಾಗಿ ನುಡಿಸಿದ ಬೇರೊಂದು ಕಾದಂಬರಿಯನ್ನು ನಾನು ಕಾಣೆ. ಅದರ ಹುಡುಗರು ಬೆಳೆಯುತ್ತಾರೆ, ಮೇಷ್ಟರಿಂದ ಕಲಿಯುತ್ತಾರೆ, ಅಂಜಿಕೆಯನ್ನು ಬಿಡುತ್ತಾರೆ. ಗಲ್ಲಿನ ಹೊತ್ತಿಗೆ ಓದುಗನ ಮನೆಯ ಮಕ್ಕಳೇ ಆಗಿಬಿಟ್ಟಿರುತ್ತಾರೆ. ಇದು ಸಾಮಾನ್ಯವಾದ ಸಿದ್ಧಿಯಲ್ಲ.

ಆದರೂ ವಿಮರ್ಶಕ ಒಂದು ಮಾತನ್ನು ಹೇಳದೆ ಇರಲಾಗುವುದಿಲ್ಲ. ಕಾದಂಬರಿಯ ಹೆಸರು ಚಿರಸ್ಮರಣೆ. ಆ ಸ್ಮರಣೆ ಯಾರದು ಎಂಬುದರಲ್ಲಿ ಓದುಗನಿಗೆ ಸಂದೇಹವಿಲ್ಲ: ಗಲ್ಲಿಗೇರಿದ ನಾಲ್ವರದು. ಕಥೆಯ ಚಕ್ರ ತಿರುಗುವುದು ಮಾತ್ರ ಇನ್ನೊಂದು ಸಾವಿನ ಮೇಲೆ. ಹೊಳೆಯಲ್ಲಿ ಮುಳುಗಿದ ಆ ಪೇದೆಯ ಸಾವಿಲ್ಲದಿದ್ದರೆ ನಾಲ್ವರ ಗಲ್ಲೂ ಇಲ್ಲ. ಹೀಗಿರುವಾಗ ಕಾದಂಬರಿಯ ಕಣ್ಣು ಕಡೆಯವರೆಗೂ ದಡದ ಮೇಲೆಯೇ ನಿಂತಿದೆ, ನೀರಿನೊಳಗೆ ಇಳಿಯುವುದಿಲ್ಲ. ಆ ಪೇದೆಗೂ ಒಂದು ಊರಿದ್ದಿರಬೇಕು. ಸಂಬಳಕ್ಕಾಗಿ ಖಾಕಿ ತೊಟ್ಟವನ ಮನೆ ರೈತನ ಗುಡಿಸಲಿಗಿಂತ ಎಷ್ಟು ಎತ್ತರವಾಗಿದ್ದೀತು? ಅವನು ಕ್ರೂರಿಯಾಗಿದ್ದನೆಂದೇ ಇಟ್ಟುಕೊಳ್ಳೋಣ. ಕ್ರೌರ್ಯವನ್ನು ಅವನು ಯಾರಿಂದ ಕಲಿತ, ಯಾರಿಗಾಗಿ ನಡೆಸಿದ ಎಂಬುದನ್ನು ತೋರಿಸುವುದು ಕಾದಂಬರಿಯ ಉದ್ದೇಶಕ್ಕೆ ವಿರುದ್ಧವಾಗುತ್ತಿರಲಿಲ್ಲ. ಜಮೀನುದಾರನೂ ಸರ್ಕಾರವೂ ತಮ್ಮ ಕೈ ಕೆಸರಾಗದಂತೆ ಒಬ್ಬ ಬಡವನನ್ನು ಇನ್ನೊಬ್ಬ ಬಡವನ ಮೇಲೆ ಬಿಡುತ್ತಾರೆಂಬ ಸತ್ಯ ಅದರಿಂದ ಇನ್ನೂ ಹರಿತವಾಗುತ್ತಿತ್ತು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಪರರ ಆಳಿಕೆಯಲ್ಲಿ ದುಡಿದವನಿಗೆ ಕನಿಕರ ತೋರಿಸಿದರೆ ಆಳಿಕೆಯ ಪಾಪವನ್ನೇ ತೊಳೆದಂತಾಗುವುದಿಲ್ಲವೆ ಎಂಬುದು ಮೊದಲನೆಯದು. ಇಲ್ಲ. ಪದವಿ ಬೇರೆ, ಪದವಿಯಲ್ಲಿ ಕುಳಿತ ಮನುಷ್ಯ ಬೇರೆ. ಈಸೂರಿನ ಮೇಲೆ ಆಮೇಲೆ ನಡೆದ ಅತ್ಯಾಚಾರಗಳಿಗೆ ಸತ್ತುಹೋದ ಅಮಲ್ದಾರರು ಉತ್ತರ ಹೇಳಬೇಕಾದ್ದಿಲ್ಲ. ಅವರ ಸಾವಿಗೆ ಮರುಗುವುದರಿಂದ ಆ ಅತ್ಯಾಚಾರಗಳಿಗೆ ಕ್ಷಮೆಯೂ ದೊರೆಯುವುದಿಲ್ಲ. ಎರಡನೆಯ ಆಕ್ಷೇಪಣೆ ಹೆಚ್ಚು ಬಲವಾದದ್ದು. ನಮ್ಮ ವೀರಗಲ್ಲಿನ ದೃಷ್ಟಿಯನ್ನು ಹಾಗೆಯೇ ತಂದರೆ ಒಡೆಯ ಎಂಥವನಾದರೂ ಸರಿ, ಅವನ ಆಳು ಸತ್ತರೆ ಸ್ವರ್ಗ ಎಂದಾಗುತ್ತದೆಯಲ್ಲ ಎಂಬುದು. ಇದು ನಿಜ. ವೀರಗಲ್ಲು ಕೇಳದೆ ಬಿಟ್ಟ ಪ್ರಶ್ನೆಯನ್ನು ಕಾದಂಬರಿ ಕೇಳಲೇಬೇಕು. ಯಾರಿಗಾಗಿ ಸತ್ತೆ ಎಂದು ಅದು ಪೇದೆಯನ್ನು ಕೇಳಲಿ. ಆದರೆ ಕೇಳಬೇಕಾದರೂ ಅವನನ್ನು ಎದುರಿಗೆ ಕೂರಿಸಿಕೊಳ್ಳಬೇಕಲ್ಲವೆ? ಹೆಸರಿಲ್ಲದವನನ್ನು ಪ್ರಶ್ನಿಸುವುದು ಹೇಗೆ?

ಇಂಥ ಸಾಮರ್ಥ್ಯ ನಮ್ಮ ಸಾಹಿತ್ಯಕ್ಕೆ ಇಲ್ಲದ್ದೇನಲ್ಲ. ಹಲಗಲಿಯಿರುವ ಮುಧೋಳ ಸೀಮೆಯವನೇ ಆದ ರನ್ನ, ಭೀಮನ ಗೆಲವನ್ನು ಹಾಡಲು ಹೊರಟು ದುರ್ಯೋಧನನನ್ನು ಮೇರುವಿನಂತೆ ನಿಲ್ಲಿಸಿದ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನೇ ನಾಟಕವಾಗಿ ಹೊಂದಿಸಿದಾಗ ಅದು ದುರಂತ ನಾಟಕವೇ ಆಯಿತು. ಪಂಪನ ಕರ್ಣನ ಮಾತನ್ನು ಹೇಳಬೇಕಾದ್ದೇ ಇಲ್ಲ. ಅನ್ಯಾಯದ ಪಕ್ಷದಲ್ಲಿ ನಿಂತು, ಅದು ಅನ್ಯಾಯವೆಂದು ಬಲ್ಲವನಾಗಿಯೂ, ಉಂಡ ಅನ್ನಕ್ಕೆ ಎರಡು ಬಗೆಯದೆ ಸತ್ತವನು ಅವನು. ಅಂಗರಾಜನಿಗೆ ಸಂದ ಈ ಮನ್ನಣೆ ತಿಂಗಳ ಸಂಬಳದ ಪೇದೆಗೆ ಸಲ್ಲುವುದಿಲ್ಲವೆ? ಸಲ್ಲದಿದ್ದರೆ ಅದಕ್ಕೆ ಕಾರಣ ಪಕ್ಷದ ಅನ್ಯಾಯವಲ್ಲ, ಪೇದೆಯ ಬಡತನ. ಸತ್ತದ್ದು ಕಲೆಕ್ಟರನಾದರೆ ಅವನ ಹೆಸರಿನಲ್ಲಿ ಸ್ತಂಭವೇಳುತ್ತದೆ. ಧಾರವಾಡದಲ್ಲಿ ಥ್ಯಾಕರೆಯ ಹೆಸರಿನ ಸ್ಮಾರಕವಿದೆ. ಜನರ ಪಕ್ಷವನ್ನು ಹಿಡಿದ ಸಾಹಿತ್ಯವೂ ಈ ಮೇಲುಕೀಳನ್ನು ತನಗೆ ತಿಳಿಯದಂತೆ ಒಪ್ಪಿಕೊಂಡುಬಿಟ್ಟರೆ ಅದು ಶೋಚನೀಯ.

ಹೀಗೆ ಹೇಳುವುದು ಸತ್ತ ಪೊಲೀಸರ ಮೇಲಿನ ದಯೆಯಿಂದಲ್ಲ. ಬಂಡುಗಾರನ ಕಥೆಯ ಹಿತಕ್ಕಾಗಿಯೇ ಇದನ್ನು ಹೇಳಬೇಕಾಗಿದೆ. ಕೊಲೆಯಾದವನು ಬರೀ ಖಾಕಿಯ ಬೊಂಬೆಯಾದರೆ ಆ ಕೊಲೆಗೆ ತೂಕವಿಲ್ಲ. ಕೊಲೆಗೆ ತೂಕವಿಲ್ಲದಿದ್ದರೆ ಅದರಲ್ಲಿ ತೊಡಗಿದ ರೈತನ ಮನಸ್ಸಿನಲ್ಲಿ ಹೋರಾಟವಿಲ್ಲ, ರಾತ್ರಿಯ ನಿದ್ದೆಗೆಡುವುದಿಲ್ಲ, ಕೈಯ ಕಲ್ಲನ್ನು ಎಸೆಯುವ ಮುಂಚೆ ಒಂದು ಕ್ಷಣದ ಅನುಮಾನವಿಲ್ಲ. ಆಗ ಗಲ್ಲಿಗೇರಿದವರ ಹಿರಿಮೆಯೂ ಬಣ್ಣದ ಪಟದ ಹಿರಿಮೆಯಾಗಿ ಉಳಿಯುತ್ತದೆ. ಈಸೂರಿನ ಐವರೂ ಕಯ್ಯೂರಿನ ನಾಲ್ವರೂ ಪಟಗಳಲ್ಲ. ಭಾರವಾದ ಸಂಗತಿಯೊಂದು ತಮ್ಮ ಊರಿನಲ್ಲಿ ನಡೆದುಹೋಯಿತೆಂದು ಬಲ್ಲ ಮನುಷ್ಯರು. ಅವರಿಗೆ ಅವರ ಭಾರವನ್ನು ಹಿಂದಕ್ಕೆ ಕೊಡಬೇಕಾದರೆ ಸತ್ತ ಅಧಿಕಾರಿಗೆ ಅವನ ಮುಖವನ್ನು ಹಿಂದಕ್ಕೆ ಕೊಡಬೇಕು. ಕರುಣರಸಕ್ಕೆ ಪಕ್ಷವಿಲ್ಲವೆಂಬ ಹಳೆಯ ಮಾತಿನ ಅರ್ಥ ಇದೇ ಇರಬೇಕು.

ಈಗ ನಮ್ಮದೇ ಸರ್ಕಾರ, ನಮ್ಮದೇ ಪೊಲೀಸು. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಅಂದಿನ ನೆನಪಿಗಾಗಿ ಪ್ರತಿವರ್ಷ ಆ ದಿನ ಜಿಲ್ಲಾ ಕೇಂದ್ರಗಳ ಪೆರೇಡ್ ಮೈದಾನಗಳಲ್ಲಿ ಪೊಲೀಸ್ ಹುತಾತ್ಮರ ದಿನವನ್ನು ಆಚರಿಸುತ್ತಾರೆ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಮನೆಯವರಿಗೆ ಪಿಂಚಣಿ, ಪರಿಹಾರಗಳಿವೆ. ಹಳೆಯ ನೆತ್ತರುಗೊಡಗೆಯ ಹೊಸ ರೂಪವೆಂದು ಅದನ್ನು ಕರೆಯಬಹುದು. ಸರ್ಕಾರ ತನ್ನ ಪಾಲಿನ ಲೆಕ್ಕವನ್ನು ಹೀಗೆ ಇಟ್ಟಿದೆ. ಆದರೆ ಹೆಸರಿನ ಪಟ್ಟಿಯನ್ನು ಓದಲು ಸರ್ಕಾರ ಸಾಕು; ಒಬ್ಬ ಮನುಷ್ಯ ಬಾವುಟದ ಕೋಲನ್ನು ಹಿಡಿದು ಎಷ್ಟು ಹೆಜ್ಜೆ ನಡೆದ, ಎಲ್ಲಿ ನಿಂತ, ಏಕೆ ಮುರಿದ ಎಂಬುದನ್ನು ಬರೆಯಲು ಸರ್ಕಾರದಿಂದಾಗದು. ಅದಕ್ಕೆ ಕಾದಂಬರಿಕಾರನೇ ಬೇಕು. ಕಯ್ಯೂರಿನ ಹೊಳೆಯನ್ನೂ ಈಸೂರಿನ ಬೀದಿಯನ್ನೂ ಇನ್ನೊಮ್ಮೆ, ಆ ಕಡೆಯಿಂದಲೂ, ನೋಡಿ ಬರೆಯುವ ಲೇಖಕನಿಗೆ ಕನ್ನಡದಲ್ಲಿ ಜಾಗ ಇನ್ನೂ ತೆರವಾಗಿಯೇ ಇದೆ.